ಅಸಲಿ ಮೂಕಣ್ಣ

ಹೊಸಪೇಟೆಯ ಒಂದು ಲಾರಿ ಆಫೀಸಿನಲ್ಲಿ ಮೂಕಣ್ಣ ಇಪ್ಪತ್ತೆರಡು ವರ್ಷಗಳಿಂದ ಕೆಲಸಕ್ಕಿದ್ದ. ಏನು ಕೆಲಸ ಎಂದು ಯಾರಾದರೂ ಕೇಳಿದರೆ "ಟೆಕ್ನಿಕಲ್ ಸೈಡ್" ಎನ್ನುತ್ತಿದ್ದ. ಗಾಡಿ ಎಲ್ಲಿಯಾದರೂ ಕೆಟ್ಟು ನಿಂತಾಗ ಡ್ರೈವರು ಫೋನಿನಲ್ಲಿ ಹೇಳಿದ ಸಾಮಾನನ್ನು ಅಂಗಡಿಯಿಂದ ಕೊಂಡು, ಸಿಕ್ಕ ಬಸ್ಸು ಹತ್ತಿ, ಗಾಡಿಯ ತನಕ ಮುಟ್ಟಿಸುವುದೇ ಆ ಟೆಕ್ನಿಕಲ್ ಸೈಡು. ಅವನು ಸ್ಪಾನರ್ ಹಿಡಿದವನಲ್ಲ, ಸ್ಟೇರಿಂಗ್ ಮುಟ್ಟಿದವನಲ್ಲ. ಆದರೆ ಲಾರಿಯ ಸಾಮಾನುಗಳ ಹೆಸರು ಹೇಳುವುದರಲ್ಲಿ ಅವನನ್ನು ಮೀರಿಸುವವರು ಈ ಸುತ್ತಿನಲ್ಲಿ ಇಲ್ಲ ಎಂದು ಒಂದು ಮಾತಿತ್ತು. ಆ ಮಾತನ್ನು ಹೆಚ್ಚಾಗಿ ಅವನೇ ಆಡುತ್ತಿದ್ದ.

ಈ ಹೆಸರುಗಳ ವಿಷಯ ಸಾಮಾನ್ಯವಾದದ್ದಲ್ಲ. ಚಿಟ್ಟೆ ನಟ್ಟು ಹಾರುವುದಿಲ್ಲ. ಡಾಗ್ ಕ್ಲಚ್ಚು ಬೊಗಳುವುದಿಲ್ಲ. ಟ್ರೇಲರ್ ಗಾಡಿಗೆ ಫಿಫ್ತ್ ವ್ಹೀಲ್ ಎಂಬುದೊಂದಿದೆ. ಅದು ಐದನೆಯದೂ ಅಲ್ಲ, ಚಕ್ರವೂ ಅಲ್ಲ. ಲಾರಿಯಲ್ಲಿ ಕಿಂಗ್ ಪಿನ್ ಇದೆ, ಕ್ರೌನ್ ಕೂಡ ಇದೆ; ಆದರೆ ರಾಜ ಇರುವುದು ಮುಂದಿನ ಚಕ್ರದ ಬುಡದಲ್ಲಿ, ಕಿರೀಟ ಇರುವುದು ಹಿಂದಿನ ಅಚ್ಚಿನೊಳಗೆ, ಇಬ್ಬರೂ ಹುಟ್ಟಿದಾಗಿನಿಂದ ಒಬ್ಬರ ಮುಖ ಒಬ್ಬರು ನೋಡಿಲ್ಲ. ಹೀಗೇಕೆ ಎಂದು ಯಾರಾದರೂ ಕೇಳಿದರೆ ಮೂಕಣ್ಣನ ಬಳಿ ಉತ್ತರ ತಯಾರಿರುತ್ತಿತ್ತು. ಒಬ್ಬರಿಗೆ ಹೇಳಿದ ಉತ್ತರವನ್ನು ಇನ್ನೊಬ್ಬರಿಗೆ ಹೇಳುತ್ತಿರಲಿಲ್ಲ. ಒಟ್ಟಿನಲ್ಲಿ 'ಗೊತ್ತಿಲ್ಲ' ಎಂಬ ಒಂದು ಶಬ್ದ ಮಾತ್ರ ಅವನ ಬಾಯಿಂದ ಬಿದ್ದದ್ದನ್ನು ಕೇಳಿದವರಿಲ್ಲ.

ಇಂಥವನಿಗೆ ಒಂದು ದಿನ ಬೆಳಗ್ಗೆ ಡ್ರೈವರ್ ಮುರುಗೇಶ್ ಗಾದಿಗನೂರಿನಿಂದ ಫೋನು ಮಾಡಿದ. ಅದಿರು ತುಂಬಿದ ಟಿಪ್ಪರ್ ರಸ್ತೆ ಬದಿಗೆ ನಿಂತಿತ್ತು.

"ಅಣ್ಣಾ, ಹಿಂದಿನ ಡೋರಿನ ಕೊಂಡ್ಯಾಗ ಒಂದು ಇರ್ತೈತಲ್ಲ, ಅದು ಹೋಗೇತಿ. ಡೋರ್ ನಿಲ್ಲವಲ್ದು. ಅದರ ಹೆಸರು ನನಗ ಬರಂಗಿಲ್ಲ. ನಿನಗ ಗೊತ್ತಿರ್ತೈತಲ್ಲ?"

"ಗೊತ್ತೈತಿ," ಎಂದು ಹೇಳಿ ಮೂಕಣ್ಣ ಫೋನು ಕಟ್ ಮಾಡಿದ. ಆಮೇಲೆ ಸ್ವಲ್ಪ ಹೊತ್ತು ಫೋನನ್ನೇ ನೋಡುತ್ತ ನಿಂತ.

ಕೊಟ್ರಯ್ಯನ ಸ್ಪೇರ್ ಪಾರ್ಟ್ ಅಂಗಡಿ ಆಫೀಸಿನಿಂದ ನಾಲ್ಕು ಹೆಜ್ಜೆ. ಕೊಟ್ರಯ್ಯ ಮೂವತ್ತು ವರ್ಷಗಳಿಂದ ಅದೇ ಗಲ್ಲೆಯ ಹಿಂದೆ ಕೂತವರು. ತಮ್ಮ ಅಂಗಡಿಯಲ್ಲಿ ಇಲ್ಲದ ಸಾಮಾನು ಜಗತ್ತಿನಲ್ಲಿ ತಯಾರಾಗಿಲ್ಲ ಎಂಬ ನಂಬಿಕೆಯ ಮನುಷ್ಯ.

"ಬರ್ರಿ ಮೂಕಣ್ಣ. ಏನು ಬೇಕಿತ್ರಿ?"

"ಅದು ಕೊಡ್ರಿ."

"ಯಾವುದು?"

"ಅದರೀ. ಟಿಪ್ಪರ್ ಹಿಂದಿನ ಡೋರಿಂದು. ನಿಮಗ ಗೊತ್ತಿಲ್ಲೇನು?"

ಗೊತ್ತಿಲ್ಲ ಎನ್ನುವ ಅಭ್ಯಾಸ ಕೊಟ್ರಯ್ಯನವರಿಗೂ ಇರಲಿಲ್ಲ. "ಗೊತ್ತಿಲ್ದ ಏನ್ರಿ," ಎಂದು ಎದ್ದು ಒಂದು ಸಾಮಾನು ತಂದಿಟ್ಟರು. ಮೂಕಣ್ಣ ಅದನ್ನು ತಿರುಗಿಸಿ ನೋಡಿ, "ಹೌದು ಇದ. ಆದ್ರ ಇದಲ್ಲ," ಎಂದ. ಎರಡನೆಯದಕ್ಕೆ "ಸಮೀಪ ಬಂದ್ರಿ" ಎಂದ. ಮೂರನೆಯದಕ್ಕೆ "ದೂರ ಹೋದ್ರಿ" ಎಂದ. ಹೀಗೆ ಇಬ್ಬರು ತಿಳಿದವರು ಮುಕ್ಕಾಲು ಗಂಟೆ ಹನ್ನೊಂದು ಸಾಮಾನು ನೋಡಿದ ಮೇಲೆ ಹೆಬ್ಬೆರಳು ಗಾತ್ರದ ಒಂದು ಕಬ್ಬಿಣದ ತುಂಡು ಹೊರಬಂತು. ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ, ನಡುವೆ ತೂತು. ಮೂಕಣ್ಣನಿಗೆ ಅಷ್ಟೊತ್ತಿಗೆ ಸಾಕಾಗಿತ್ತು. "ಇದ ನೋಡ್ರಿ," ಎಂದು ಎರಡು ತೆಗೆದುಕೊಂಡು ಗಾದಿಗನೂರಿಗೆ ಹೋದ. ದೇವರ ದಯೆ, ಅದು ಕೊಂಡಿಯೊಳಗೆ ಸರಿಯಾಗಿ ಕೂತಿತು.

ಮುಂದಿನ ಎರಡು ತಿಂಗಳಲ್ಲಿ ಮೂಕಣ್ಣ ನಾಲ್ಕು ಸಲ ಬಂದು "ಅದು ಕೊಡ್ರಿ" ಎಂದ. ಕೊಟ್ರಯ್ಯ ನಾಲ್ಕು ಸಲವೂ ಅದನ್ನೇ ಕೊಟ್ಟರು. ಆಯುಧ ಪೂಜೆಯ ಮುಂಚೆ ಅಂಗಡಿ ತೊಳೆದು, ಡಬ್ಬಿಗಳ ಮೇಲೆ ಬಿಳಿ ಬಣ್ಣದಲ್ಲಿ ಹೊಸದಾಗಿ ಹೆಸರು ಬರೆಯುತ್ತ ಬಂದಾಗ ಈ ಡಬ್ಬಿಯ ಹತ್ತಿರ ಅವರ ಕುಂಚ ನಿಂತಿತು. ಒಂದು ಗಳಿಗೆ ಯೋಚಿಸಿ, ದುಂಡಗೆ 'ಮೂಕಣ್ಣ' ಎಂದು ಬರೆದರು.

ಹಬ್ಬ ಮುಗಿದು ಅಂಗಡಿಗೆ ಬಂದ ಮೂಕಣ್ಣ ಆ ಡಬ್ಬಿಯನ್ನು ಓದಿ, ಮತ್ತೊಮ್ಮೆ ಓದಿ, "ಇದೇನ್ರಿ?" ಎಂದ.

"ಕಂಪನಿಯವರು ಇದಕ ಹದಿನಾಲ್ಕು ಅಂಕಿ ನಂಬರ್ ಕೊಟ್ಟಾರ್ರಿ," ಎಂದರು ಕೊಟ್ರಯ್ಯ. "ಹದಿನಾಲ್ಕು ಅಂಕಿ ನೆನಪಿಟ್ಕೊಂಡು ಯಾರು ಬರ್ತಾರ? ನೀವು ಬರ್ತೀರಿ. ಅದಕ ನಿಮ್ಮ ಹೆಸರ ಹಾಕೀನಿ. ಬ್ಯಾಡ ಅಂದ್ರ ಅಳಸ್ತೀನಿ."

"ಇರ್ಲಿ ಇರ್ಲಿ," ಎಂದ ಮೂಕಣ್ಣ, ಸ್ವಲ್ಪ ಅವಸರದಲ್ಲೇ.

ಹೆಸರಿಗೆ ಕಾಲು ಬಂದದ್ದು ಡ್ರೈವರುಗಳಿಂದ. ಹೊಸಪೇಟೆಯಲ್ಲಿ ಒಬ್ಬ "ಮೂಕಣ್ಣ ಕೊಡ್ರಿ" ಎಂದದ್ದನ್ನು ಕೇಳಿ ಇನ್ನೊಬ್ಬ ಸಂಡೂರಿನಲ್ಲಿ ಹಾಗೆಯೇ ಕೇಳಿದ. ಸಂಡೂರಿನಿಂದ ಅದು ಟ್ರ್ಯಾಕ್ಟರ್ ಟ್ರೇಲರಿನವರ ಬಾಯಿಗೆ ಬಿದ್ದು ಕಂಪ್ಲಿಗೆ ಹೋಯಿತು. ಎರಡು ವರ್ಷ ಕಳೆಯುವುದರೊಳಗೆ ಗ್ಯಾರೇಜುಗಳಲ್ಲಿ ಬೇರೆ ಹೆಸರೇ ಉಳಿಯಲಿಲ್ಲ. ಇಲ್ಲಿ ಒಂದು ಸಂಗತಿಯನ್ನು ಹೇಳಲೇಬೇಕು. ಕಬ್ಬಿಣದ ತುಂಡನ್ನು ಕನ್ನಡದಲ್ಲಿ 'ಅದು' ಎನ್ನಬೇಕು. ಆದರೆ ಮೂಕಣ್ಣ ಎಂದು ಕರೆದ ಮೇಲೆ 'ಅದು' ಎನ್ನಲು ಮೆಕ್ಯಾನಿಕ್ಕುಗಳಿಗೆ ನಾಲಿಗೆ ಹೊರಳಲಿಲ್ಲ, 'ಅವನು' ಎನ್ನತೊಡಗಿದರು. "ಮೂಕಣ್ಣ ಸವದಾನ", "ಮೂಕಣ್ಣನ್ನ ಬಡಿದು ಕುಂದ್ರಸು", ಹೀಗೆ. ವ್ಯಾಕರಣದ ಈ ಸಣ್ಣ ತಪ್ಪನ್ನು ಯಾರಾದರೂ ಒಬ್ಬ ಮೇಷ್ಟ್ರು ಆಗಲೇ ತಿದ್ದಿದ್ದರೆ ಮುಂದಿನದ್ದು ಯಾವುದೂ ನಡೆಯುತ್ತಿರಲಿಲ್ಲ.

ಮೂಕಣ್ಣನ ನಡಿಗೆ ಬದಲಾಯಿತು. ಹೆಂಡತಿ ಎರ್ರೆಮ್ಮನನ್ನು ಸಂತೆಗೆ ಕರೆದುಕೊಂಡು ಹೋಗುವವನು ದಾರಿಯಲ್ಲಿ ಕೊಟ್ರಯ್ಯನ ಅಂಗಡಿ ಹೊಕ್ಕು ಡಬ್ಬಿ ತೋರಿಸಿದ. ಅವಳು ಆ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ನೋಡಿ, "ಊರಾಗ ಸರ್ಕಲ್ಲಿಗೆ ಹೆಸರು ಇಡ್ತಾರ, ರಸ್ತಿಗೆ ಇಡ್ತಾರ. ನಿಮಗ ಇದು ಬಂತೇನು?" ಎಂದಳು. ಆದರೂ ಅವನು ಒಂದನ್ನು ಮನೆಗೆ ತಂದು, ಕುಂಕುಮ ಹಚ್ಚಿ, ದೇವರ ಜಗುಲಿಯ ಮೂಲೆಯಲ್ಲಿ ಇಟ್ಟಾಗ ಅವಳು ಬೇಡವೆನ್ನಲಿಲ್ಲ. ಎದುರುಮನೆಯವರು ಬಂದು, "ಲಾರಿ ಒಳಗ ಯಾವ ಭಾಗರೀ? ಮುಂದಿಂದೋ ಹಿಂದಿಂದೋ?" ಎಂದು ಕೇಳಿದರು. ಹಿಂದಿನದು ಎಂದು ಗೊತ್ತಾದ ಮೇಲೆ "ಹೌದೇನ್ರಿ" ಎಂದು ಹೊರಟುಹೋದರು.

ಅವನಿಗೆ ಒಬ್ಬಳೇ ಮಗಳು, ಗಂಗಾ. ಹೊಸಪೇಟೆಯ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ. ಆ ವರ್ಷ ಅವಳಿಗೆ ಸಂಡೂರಿನಿಂದ ಒಂದು ಸಂಬಂಧ ಬಂತು. ಹುಡುಗ ಗಿರೀಶ, ಅದಿರು ಲಾರಿಗಳನ್ನು ತೂಗುವ ವೇ ಬ್ರಿಜ್ಜಿನಲ್ಲಿ ನೌಕರ. ಸಂಬಂಧ ತಂದವಳು ದುರ್ಗಕ್ಕ. ಎರಡೂ ಕಡೆ ಓಡಾಡಿ ಮದುವೆ ಕೂಡಿಸುವುದರಲ್ಲಿ ಹೆಸರಾದ ಹೆಣ್ಣುಮಗಳು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿ ಒಪ್ಪಿಯೂ ಆಗಿತ್ತು. ಉಳಿದದ್ದು ಒಂದೇ, ಹುಡುಗನ ಸೋದರಮಾವ ಎರ್ರಿಯಪ್ಪನವರ ವಿಚಾರಣೆ.

ಎರ್ರಿಯಪ್ಪನವರು ಕಾಲುವೆಯ ಗೇಟು ಎತ್ತುವ ಇಳಿಸುವ ಕೆಲಸದಲ್ಲಿದ್ದು ನಿವೃತ್ತರಾಗಿ ಸಂಡೂರಿನಲ್ಲಿ ನೆಲೆಸಿದವರು. ನೀರು ಬಿಡುವ ಮುಂಚೆ ಮೂರು ಸಲ ಕೆಳಗಿಳಿದು ನೋಡುವ ಅಭ್ಯಾಸ ಅವರನ್ನು ಈಗಲೂ ಬಿಟ್ಟಿರಲಿಲ್ಲ. ಹೆಣ್ಣಿನ ತಂದೆ ಲಾರಿ ಲೈನಿನವನು ಎಂದು ಕೇಳಿ, ಅವರು ನೇರವಾಗಿ ಸಂಡೂರಿನ ಒಂದು ಗ್ಯಾರೇಜಿಗೆ ಹೋದರು. ಅಲ್ಲಿ ಪ್ರವೀಣ ಎಂಬ ಮೆಕ್ಯಾನಿಕ್ಕು ಟಿಪ್ಪರಿನ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದ. ಅವನ ಕಾಲುಗಳು ಮಾತ್ರ ಹೊರಗಿದ್ದವು. ಎರ್ರಿಯಪ್ಪನವರು ಕಾಲುಗಳನ್ನೇ ಮಾತಾಡಿಸಿದರು.

"ತಮ್ಮಾ, ಹೊಸಪೇಟಿ ಮೂಕಣ್ಣ ನಿಮಗ ಗೊತ್ತೇನು?"

"ಗೊತ್ತಿಲ್ದ ಏನ್ರಿ. ದಿನಾ ಅವನ ಕೂಡೇ ಬಡದಾಡ್ತೀವಿ."

"ಹೆಂಗ ಮನುಷ್ಯ... ಹೆಂಗ ಅದಾನ?"

"ಹೊಸದ್ರಾಗ ಚೊಲೋ ಇರ್ತಾನ್ರಿ. ಮೂರು ತಿಂಗಳಾತಂದ್ರ ಸಡ್ಲ ಬೀಳ್ತಾನ. ಭಾರ ತಡಕೊಳ್ಳಂಗಿಲ್ಲ."

ಎರ್ರಿಯಪ್ಪನವರು ಸುತ್ತ ನೋಡಿ ದನಿ ತಗ್ಗಿಸಿದರು. "ಎಣ್ಣಿ ಪಣ್ಣಿ?"

"ಎಣ್ಣಿ ಇಲ್ದ ಅಲ್ಲಾಡೂದ ಇಲ್ರಿ. ಮುಂಜಾನಿ ಒಮ್ಮೆ ಹಾಕಬೇಕು. ಲೋಡ್ ಹೆಚ್ಚಿದ್ರ ಸಂಜಿಗೂ ಹಾಕಬೇಕು."

"ಅಯ್ಯಯ್ಯ. ಮತ್ತ... ಒಂದ ಕಡಿ ಇರ್ತಾನೋ?"

"ಒಂದ ಕಡಿ ಹೆಂಗಾಗ್ತೈತ್ರಿ? ಎರಡು ಕಡಿ ಇರಬೇಕು. ಎಡಕ್ಕೊಂದು, ಬಲಕ್ಕೊಂದು. ಇಲ್ಲಂದ್ರ ಬಾಗಿಲು ನಿಲ್ಲಂಗಿಲ್ಲ, ಒಳಗಿಂದೆಲ್ಲಾ ರಸ್ತಿಗೆ ಬೀಳ್ತೈತಿ."

ಕಾಲುಗಳು ಇಷ್ಟು ಹೇಳಿ ಸುಮ್ಮನಾದವು. ಎರ್ರಿಯಪ್ಪನವರು ಕೈ ಮುಗಿದು, ಗ್ಯಾರೇಜಿನ ಹೊರಗೆ ಬಂದು, ಒಂದು ಸೋಡಾ ಕುಡಿದರು.

ಆದರೂ ಒಂದೇ ಕಡೆ ಕೇಳಿ ತೀರ್ಮಾನ ಮಾಡುವವರಲ್ಲ ಅವರು. ಎರಡನೇ ಪರೀಕ್ಷೆಗೆಂದು ಮರುದಿನ ಬಸ್ಸು ಹತ್ತಿ, ಹೊಸಪೇಟೆಯಲ್ಲಿ ಮೂಕಣ್ಣನ ಮನೆಗೇ ಬಂದರು. ಮೂಕಣ್ಣ ಹಿಗ್ಗಿಹೋದ. ಎರ್ರೆಮ್ಮ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಂದಿಟ್ಟಳು. ಎರ್ರಿಯಪ್ಪನವರು ಮಿರ್ಚಿಯೊಂದನ್ನು ಕೈಯಲ್ಲಿ ಹಿಡಿದುಕೊಂಡು ಗಂಭೀರವಾಗಿ ಶುರುಮಾಡಿದರು.

"ಸಂಡೂರಾಗ ನಿಮ್ಮ ವಿಷಯ ಕೇಳ್ದೆ."

"ಹೌದ್ರಿ?" ಮೂಕಣ್ಣನ ಮುಖ ಅರಳಿತು. "ಗ್ಯಾರೇಜಿನವರು ಹೇಳಿರಬೇಕು."

"ಹೇಳಿದ್ರು. ನೀವು ಎರಡು ಕಡಿ ಇರ್ತೀರಂತ."

"ಎರಡು ಕಡಿ ಅಷ್ಟ ಏನ್ರಿ!" ಎಂದ ಮೂಕಣ್ಣ, ತಗ್ಗಿ ಬಗ್ಗಿ ನಡೆಯುವವನ ವಿನಯದಲ್ಲಿ. "ಸಂಡೂರಾಗೂ ಅದೀನಿ, ಕಂಪ್ಲ್ಯಾಗೂ ಅದೀನಿ. ಕಂಪ್ಲ್ಯಾಗ ಈಗ ಭಾಳ ಜೋರು ನಡದೈತಿ. ಎಲ್ಲಾ ದೇವರಾಟ, ನಂದೇನಿಲ್ಲ."

ಎರ್ರಿಯಪ್ಪನವರ ಮಿರ್ಚಿ ತಟ್ಟೆಗೆ ವಾಪಸ್ಸು ಹೋಯಿತು. "ಮತ್ತ, ಮನ್ಯಾಗ ಗೊತ್ತೈತೇನು?"

"ಗೊತ್ತಿಲ್ದ ಏನ್ರಿ. ನಾನ ಕೈ ಹಿಡಕೊಂಡು ಕರಕೊಂಡು ಹೋಗಿ ತೋರ್ಸೀನಿ. ಲೇ, ಬಾ ಇಲ್ಲೆ, ಹೇಳು."

ಎರ್ರೆಮ್ಮ ಸೆರಗಿಗೆ ಕೈ ಒರೆಸುತ್ತ ಬಂದಳು. "ಹೌದ್ರಿ, ನೋಡಿ ಬಂದೀನಿ. ಮೊದಲ ನನಗೂ ಹೆಂಗೆಂಗೋ ಅನ್ನಿಸ್ತು. ಆದ್ರ ಕೈಯಾಗ ತಗೊಂಡ ಮ್ಯಾಲ, ಪಾಪ, ಇಷ್ಟ ಇಷ್ಟ ಐತಿ, ದುಂಡಗ. ಈಗ ಒಂದನ್ನ ನಮ್ಮನಿಗೂ ತಂದಿಟ್ಕೊಂಡೀವ್ರಿ."

"ಮನಿಗೆ ತಂದಿಟ್ಕೊಂಡೀರಾ?"

"ದೇವರ ಮನ್ಯಾಗ ಐತಿ. ತಂದು ತೋರ್ಸಲೇನು?"

"ಬ್ಯಾಡ!" ಎಂದು ಎರ್ರಿಯಪ್ಪನವರು ಎದ್ದೇಬಿಟ್ಟರು. "ಬ್ಯಾಡವ್ವಾ. ಮಲಗಿರ್ಲಿ." ಚಪ್ಪಲಿ ಮೆಟ್ಟಿಕೊಳ್ಳುತ್ತ ಎರ್ರೆಮ್ಮನ ಕಡೆ ತಿರುಗಿ, "ನಿನ್ನಂಥಾಕಿ ಭೂಮಿ ಮ್ಯಾಲ ಇನ್ನೊಬ್ಬಾಕಿ ಇಲ್ಲವ್ವಾ," ಎಂದು ಕಣ್ಣೊರೆಸಿಕೊಂಡು ಹೋದರು.

"ಭಾಳ ಮೆತ್ತನ ಮನುಷ್ಯ," ಎಂದ ಮೂಕಣ್ಣ.

ಮೂರನೇ ದಿನ ದುರ್ಗಕ್ಕ ಬಂದಳು. ಒಳಗೆ ಬರಲಿಲ್ಲ, ಕಟ್ಟೆಯ ಮೇಲೂ ಕೂರಲಿಲ್ಲ. ನಿಂತೇ ಹೇಳಿದಳು: "ಎರಡು ಸಂಸಾರ ಇಟ್ಟೋರ ಮನಿ ಹೆಣ್ಣು ಅವರಿಗೆ ಬ್ಯಾಡಂತ."

"ಯಾರು ಇಟ್ಟಾರ?"

"ನೀವ. ಕಂಪ್ಲ್ಯಾಗ. ಕೂಸೂ ಐತಂತ. ನಿಮ್ಮ ಬಾಯಿಲೆ ಒಪ್ಪೀರಂತಲ್ಲ?"

ಮೂಕಣ್ಣ ಹೆಂಡತಿಯ ಮುಖ ನೋಡಿದ. ಎರ್ರೆಮ್ಮ ಬಹಳ ಹೊತ್ತು ಯೋಚಿಸಿದಳು. ಕೊನೆಗೆ ದುರ್ಗಕ್ಕನಿಗೆ, "ಇವರಿಗೆ ಒಂದನ್ನ ನಡಸಾಕ ಆಗವಲ್ದು, ಎರಡು ಎಲ್ಲಿಂದ ನಡಸ್ತಾರವ್ವಾ?" ಎಂದಳು. ಗಂಡನ ಪರವಾಗಿ ಇಷ್ಟು ಬಲವಾದ ಸಾಕ್ಷಿ ಬೇರೆ ಯಾರೂ ಹೇಳಲಾರರು. ಆದರೆ ದುರ್ಗಕ್ಕ ಆಗಲೇ ಗಲ್ಲಿಯ ತಿರುವು ದಾಟಿದ್ದಳು.

ನಡೆದದ್ದನ್ನೆಲ್ಲ ಒಂದೊಂದಾಗಿ ಕೂಡಿಸಿದಾಗ ಮೂಕಣ್ಣನಿಗೆ ಹೊಳೆಯಿತು. ತಕ್ಷಣ ಎರ್ರಿಯಪ್ಪನವರಿಗೆ ಫೋನು ಹಚ್ಚಿದ.

"ಯಜಮಾನ್ರ, ನೀವು ತಪ್ಪು ತಿಳ್ಕೊಂಡೀರಿ. ಕಂಪ್ಲ್ಯಾಗ ಇರೋದು ಬರೇ ಸಾಮಾನ್ರಿ!"

"ಹೆಣ್ಣುಮಗಳಿಗೆ ಸಾಮಾನು ಅಂತೀರೇನ್ರಿ!" ಎಂದು ಆ ಕಡೆಯಿಂದ ಸಿಡಿಲಿನಂಥ ದನಿ ಬಂತು. ಆಮೇಲೆ ಎಷ್ಟು ಸಲ ಹಚ್ಚಿದರೂ ಅವರು ಎತ್ತಲಿಲ್ಲ.

ಈಗ ಉಳಿದ ದಾರಿ ಒಂದೇ, ಆ ಹೆಸರನ್ನೇ ತೆಗೆಸಿಹಾಕುವುದು. ಮೂಕಣ್ಣ ಕೊಟ್ರಯ್ಯನ ಅಂಗಡಿಗೆ ಓಡಿದ. ಕೊಟ್ರಯ್ಯ ಪೂರ್ತಿ ಕೇಳಿ ತಲೆ ಅಲ್ಲಾಡಿಸಿದರು.

"ನಾನು ಈಗಿಂದೀಗ ಅಳಸ್ತೀನಿ. ಅದರಿಂದೇನಾಗ್ತೈತಿ? ನನ್ನ ಅಂಗಡ್ಯಾಗ ಹುಟ್ಟಿದ್ರೂ ಅವನು ಈಗ ನನ್ನ ಮಾತು ಕೇಳಂಗಿಲ್ಲ. ಕಂಪ್ಲ್ಯಾಗ ಸಾಮಾನಿನ ಅಂಗಡಿ ಹುಸೇನಮ್ಮ ಬೋರ್ಡ್ ಬರೆಸ್ಯಾಳ, ಚೀಟಿ ಛಾಪಿಸ್ಯಾಳ. ಎಲ್ಲಾ ಟ್ರೇಲರಿನವರು ಅಕಿ ಹತ್ರಾನ ಹೋಗ್ತಾರ. ಅಕಿ ಬಿಟ್ರ ಎಲ್ಲರೂ ಬಿಡ್ತಾರ."

ಮರುದಿನ ಮೂಕಣ್ಣ ಕಂಪ್ಲಿಯ ಬಸ್ಸು ಹತ್ತಿದ. ಅವನಿಗೆ ತಿಳಿಯದ ಸಂಗತಿ ಒಂದಿತ್ತು. ಮೂರನೇ ಪರೀಕ್ಷೆ ಬಾಕಿ ಇಟ್ಟುಕೊಂಡಿದ್ದ ಎರ್ರಿಯಪ್ಪನವರು, ಸಾಕ್ಷಿಗೆಂದು ದುರ್ಗಕ್ಕನನ್ನು ಕರೆದುಕೊಂಡು, ಆ ಎರಡನೇ ಸಂಸಾರವನ್ನು ಕಣ್ಣಾ‌ರೆ ನೋಡಲು ಅವತ್ತೇ ಕಂಪ್ಲಿಗೆ ಬಂದಿದ್ದರು.

ಅವರು ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೇಳಿದ್ದನ್ನೂ ಚಹಾದವನು ಹೇಳಿದ್ದನ್ನೂ ದುರ್ಗಕ್ಕ ಆಮೇಲೆ ಎಷ್ಟೋ ಮದುವೆಗಳಲ್ಲಿ ಎಲ್ಲರಿಗೂ ಹೇಳಿದ್ದಾಳೆ.

"ಇಲ್ಲೆ ಮೂಕಣ್ಣ ಎಲ್ಲಿ ಇರ್ತಾನ?" ಎಂದು ಇವರು ಕೇಳಿದರು.

"ಹುಸೇನಮ್ಮನ ಹತ್ರ ಹೋಗ್ರಿ," ಎಂದ ಚಹಾದವನು. "ಅಸಲಿ ಅಕಿ ಹತ್ರ ಇರ್ತಾನ. ಉಳಿದ ಕಡಿ ಇರೋದೆಲ್ಲಾ ಡೂಪ್ಲಿಕೇಟು."

ಎರ್ರಿಯಪ್ಪನವರು ದುರ್ಗಕ್ಕನ ಮುಖ ನೋಡಿದರು. ಹೊಸಪೇಟೆಯ ಮನೆಯೇ ಎರಡನೆಯದು ಎಂದಾಯಿತು. ಚಹಾದವನು ತೋರಿದ ದಿಕ್ಕಿನಲ್ಲಿ ನಡೆದರೆ, ಟ್ರ್ಯಾಕ್ಟರ್ ಸಾಮಾನಿನ ಒಂದು ಅಂಗಡಿ. ಅದರ ಮೇಲೆ ಕೆಂಪು ಅಕ್ಷರದ ಬೋರ್ಡು: 'ಇಲ್ಲಿ ಅಸಲಿ ಮೂಕಣ್ಣ ಸಿಗುತ್ತಾನೆ.'

"ಬೋರ್ಡ್ ಹಾಕ್ಯಾರಲ್ಲವ್ವಾ!" ಎಂದರು ಎರ್ರಿಯಪ್ಪನವರು, ಬಾಗಿಲ ಪಕ್ಕದ ಗೋಡೆಗೆ ಕೈ ಕೊಟ್ಟು.

ಒಳಗಿನಿಂದ ಮಾತು ಕೇಳುತ್ತಿತ್ತು. ಗಂಡಸಿನ ದನಿ ಮೂಕಣ್ಣನದು.

"ನನ್ನ ಹೆಸರು ಬಿಟ್ಬಿಡವ್ವಾ ಹುಸೇನಮ್ಮಾ. ನಿನ್ನ ಕೈ ಮುಗೀತೀನಿ. ನಿನ್ನ ಸಲುವಾಗಿ ನನ್ನ ಮಗಳ ಮದುವಿ ನಿಂತೈತಿ."

"ಹೆಂಗ ಬಿಡ್ಲಿ ಹೇಳ್ರಿ?" ಹೆಂಗಸಿನ ದನಿ ಸಿಟ್ಟಿನದಲ್ಲ, ಸಂಕಟದ್ದು. "ಗಂಡ ಸತ್ತ ಮ್ಯಾಲ ಎರಡು ವರ್ಷ ನಿಮ್ಮ ಹೆಸರು ಹೇಳ್ಕೊಂಡ ಬದುಕೀನಿ. ಮಂದಿ ಬಂದು ಮೂಕಣ್ಣ ಎಲ್ಲಿ ಅಂತಾರ. ಇವತ್ತು ಇಲ್ಲ ಅಂದ್ರ ನನ್ನ ಕಡಿ ಯಾರು ತಿರುಗಿ ನೋಡ್ತಾರ?"

ಹೊರಗೆ ದುರ್ಗಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಎರ್ರಿಯಪ್ಪನವರಿಗೆ ಇನ್ನು ತಡೆಯಲಾಗಲಿಲ್ಲ. ನೆಟ್ಟಗೆ ಒಳಗೆ ನಡೆದು, ಗಲ್ಲೆಯ ಮುಂದೆ ನಿಂತು, "ಸಾಕು ಮಾಡ್ರಿ!" ಎಂದು ಗುಡುಗಿದರು.

ಮೂಕಣ್ಣ ಅವರನ್ನು ನೋಡಿ ಸ್ಟೂಲಿನಿಂದ ಎದ್ದ. ಹುಸೇನಮ್ಮ ಮಾತ್ರ ವ್ಯಾಪಾರದ ಹೆಣ್ಣುಮಗಳು. ಬಂದವರು ಯಾರೇ ಇರಲಿ, ಗಿರಾಕಿ.

"ಬರ್ರಿ ಯಜಮಾನ್ರ, ಕುಂದ್ರಿ. ಮೂಕಣ್ಣ ಬೇಕೇನು?"

"ನನಗ್ಯಾಕವ್ವಾ ಬೇಕು! ನೀನ ಇಟ್ಕೊಂಡೀಯಲ್ಲ."

"ಇಟ್ಕೊಂಡೀನ್ರಿ. ನಿನ್ನೆನ ಇಪ್ಪತ್ತೈದು ಬಂದಾವ. ಎಷ್ಟು ಕೊಡ್ಲಿ? ಜೋಡಿ ತಗೊಳ್ರಿ, ಎಡಕ್ಕೊಂದು ಬಲಕ್ಕೊಂದು." ಹೀಗೆಂದು ಒಂದು ಡಬ್ಬಿಯನ್ನು ಗಲ್ಲೆಯ ಮೇಲೆ ದಡಕ್ಕನೆ ಇಟ್ಟಳು.

ಎರ್ರಿಯಪ್ಪನವರು ಡಬ್ಬಿಯ ಮೇಲಿನ ಚೀಟಿ ಓದಿದರು. ಕೈ ಹಾಕಿ ಒಂದು ತುಂಡು ತೆಗೆದರು. ಕನ್ನಡಕ ಸರಿಮಾಡಿಕೊಂಡು ದಪ್ಪ ತುದಿ ನೋಡಿದರು, ಸಣ್ಣ ತುದಿ ನೋಡಿದರು, ತೂತಿನೊಳಗಿಂದ, ಹಿಂದೆಯೇ ಒಳಗೆ ಬಂದಿದ್ದ ದುರ್ಗಕ್ಕನನ್ನೂ ನೋಡಿದರು.

"ಇದು..." ಎಂದರು.

"ಮೂಕಣ್ಣ," ಎಂದಳು ಹುಸೇನಮ್ಮ.

"ಭಾರ ತಡಕೊಳ್ಳಂಗಿಲ್ಲ ಅಂದ್ರು."

"ಲೋಕಲ್ ಮಾಲು ತಡಕೊಳ್ಳಂಗಿಲ್ರಿ. ಇವ ತಡೀತಾನ."

"ಎಣ್ಣಿ?"

"ದಿನಾ ಎರಡು ಹನಿ ಹಾಕ್ರಿ."

ಎರ್ರಿಯಪ್ಪನವರು ಸ್ಟೂಲಿನ ಮೇಲೆ ನಿಧಾನಕ್ಕೆ ಕೂತರು. ಆಮೇಲೆ ಮೂಕಣ್ಣನ ಕಡೆ ನೋಡದೆ, ಆ ತುಂಡಿಗೇ ಹೇಳುವಂತೆ, "ನಂದು ತಪ್ಪಾತು," ಎಂದರು.

ಮೂಕಣ್ಣನ ಕಣ್ಣಲ್ಲಿ ನೀರು ಬಂತು. ಆದರೆ ಅವನು ಹಟ ಬಿಡಲಿಲ್ಲ. "ಆದದ್ದಾತ್ರಿ. ಆದ್ರ ಈ ಹೆಸರು ಮಾತ್ರ ಬ್ಯಾಡ. ಇವತ್ತು ನೀವು ತಪ್ಪು ತಿಳ್ಕೊಂಡ್ರಿ, ನಾಳೆ ಇನ್ನೊಬ್ರು. ತಗದುಬಿಡವ್ವಾ ಹುಸೇನಮ್ಮಾ."

ಹುಸೇನಮ್ಮ ಒಬ್ಬ ತಂದೆಯ ಮುಖ ನೋಡಿ ಕರಗಿದಳು. ಚೀಟಿಯನ್ನು ಪರಪರ ಕಿತ್ತು, ಹೊಸ ಕಾಗದ ಹಚ್ಚಿ, ಪೆನ್ನು ಹಿಡಿದಳು. "ಆತ್ರಿ. ನಿಮ್ಮ ಹೆಸರು ಬ್ಯಾಡ. ಏನಂತ ಬರೀಲಿ? ಇದರ ಖರೇ ಹೆಸರು ಏನು?"

ಮೂವರೂ ಮೂಕಣ್ಣನ ಕಡೆ ತಿರುಗಿದರು.

ಮೂಕಣ್ಣ ಗಂಟಲು ಸರಿಮಾಡಿಕೊಂಡ. "ಇದಕ, ಟೆಕ್ನಿಕಲ್ ಆಗಿ..." ಎಂದ. ಅಲ್ಲಿಗೆ ನಿಂತ. ಬೀದಿಯಲ್ಲಿ ಒಂದು ಟ್ರ್ಯಾಕ್ಟರು ಹೋಯಿತು. ಅದು ಹೋದ ಮೇಲೆ ಮತ್ತೆ ಬಾಯಿ ತೆರೆದ. ಏನೋ ಒಂದು ಹೆಸರು ಹೇಳಿದರೆ ಮುಗಿಯುತ್ತಿತ್ತು, ಅವನಿಗೆ ಅದು ಕಷ್ಟದ ಕೆಲಸವೂ ಅಲ್ಲ. ಆದರೆ ಹುಸೇನಮ್ಮ ಪೆನ್ನು ಹಿಡಿದು ಕಾಯುತ್ತಿದ್ದಳು. ಬರೆದ ಹೆಸರು ಊರೂರು ತಿರುಗುತ್ತದೆ ಎಂಬುದು ಈಗ ಅವನಿಗೆ ಚೆನ್ನಾಗಿ ತಿಳಿದಿತ್ತು.

"ನನಗ ಗೊತ್ತಿಲ್ಲ," ಎಂದ.

ಹೇಳಿ ತಲೆ ತಗ್ಗಿಸಿದ. ಬೈಗುಳ ಬರಬಹುದು, ಇಲ್ಲವೇ ನಗು ಬರಬಹುದು ಎಂದು ಕಾದ. ಬಂದದ್ದು ಎರ್ರಿಯಪ್ಪನವರ ತಗ್ಗಿದ ದನಿ.

"ಮೂಕಣ್ಣನವರ, ನಾನು ಮೂವತ್ನಾಕು ವರ್ಷ ಕಾಲುವಿ ಗೇಟು ಎತ್ತೀನಿ. ತಿರುವೋ ಗಾಲಿ ಒಳಗ ಒಂದು ಐತಿ, ಹಲ್ಲಿನ ಚಕ್ರ ಹಿಂದಕ ಜಾರದಂಗ ಹಿಡೀತೈತಿ. ದಿನಾ ಅದನ್ನ ಎತ್ತಿ ಇಳಿಸೀನಿ. ಅದರ ಹೆಸರು ಇವತ್ತಿಗೂ ನನಗ ಗೊತ್ತಿಲ್ಲ. ಹೆಂಗೂ ಯಾರೂ ಕೇಳ್ಲಿಲ್ಲ. ರಿಟೈರ್ ಆಗೋ ದಿನ ಚಾರ್ಜ್ ಕೊಡುವಾಗ ಹೊಸ ಹುಡುಗ ಕೇಳಿದ. ಕೆಮ್ಮು ಬಂದೋರಂಗ ಕೆಮ್ಮಿ ಹೊರಗ ಹೋದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆವರೆಗೆ ಅವರು ಬೀಗರಾಗಲು ಹೊರಟವರು. ಆ ಗಳಿಗೆಯಲ್ಲಿ ಬೀಗರಾದರು.

"ಇರೋ ಹೆಸರ ಇರ್ಲಿ ಬಿಡವ್ವಾ," ಎಂದರು ಎರ್ರಿಯಪ್ಪನವರು ಹುಸೇನಮ್ಮನಿಗೆ. "ನಮ್ಮ ಬೀಗರ ಹೆಸರು. ಯಾಕ ತಗೀಬೇಕು?" ಮೂಕಣ್ಣ ಬೇಡ ಎನ್ನಲು ಕೈ ಎತ್ತಿದ, ಎತ್ತಿದ ಕೈಯಿಂದ ಮೀಸೆ ಒರೆಸಿಕೊಂಡ. ಹುಸೇನಮ್ಮ ಕಿತ್ತ ಚೀಟಿಯನ್ನು ಮಡಿಕೆ ಬಿಡಿಸಿ, ಉಗುಳು ಹಚ್ಚಿ, ಇದ್ದ ಜಾಗಕ್ಕೇ ಅಂಟಿಸಿದಳು.

ಮೂವರೂ ಒಂದೇ ಬಸ್ಸಿನಲ್ಲಿ ಹೊಸಪೇಟೆಗೆ ಹೊರಟರು. ದುರ್ಗಕ್ಕ ಮುಂದಿನ ಸೀಟಿನಲ್ಲಿ ಕೂತು ಆಗಲೇ ಮೂರು ಮನೆಗಳಿಗೆ ಫೋನಿನಲ್ಲಿ ಸುದ್ದಿ ಮುಟ್ಟಿಸುತ್ತಿದ್ದಳು. ಹಿಂದೆ ಬೀಗರಿಬ್ಬರು ಮಗ್ಗುಲಿಗೆ ಮಗ್ಗುಲು ಕೂತರು. ಎರ್ರಿಯಪ್ಪನವರು, "ಹುಡುಗಿಯನ್ನ ಒಂದು ಮಾತು ಕೇಳಿಬಿಡ್ರಿ. ಈ ಗದ್ದಲದಾಗ ಅಕಿ ಮನಸು ಏನಾಗೇತೋ," ಎಂದರು. ಮೂಕಣ್ಣ ಮಗಳಿಗೆ ಫೋನು ಹಚ್ಚಿ, ಆದದ್ದನ್ನೆಲ್ಲ ಗಂಭೀರವಾಗಿ ವಿವರಿಸಿದ.

"ಅಪ್ಪಾ," ಎಂದಳು ಗಂಗಾ, ಲ್ಯಾಬಿನ ಗದ್ದಲದ ನಡುವೆ. "ಗಿರೀಶ ಮೊನ್ನೆನ ಆ ಗ್ಯಾರೇಜಿಗೆ ಹೋಗಿ ಕೇಳ್ಕೊಂಡು ಬಂದಾನ. ಅದು ಬರೇ ಸಾಮಾನು ಅಂತ ಅವನಿಗೂ ಗೊತ್ತು, ನನಗೂ ಗೊತ್ತು."

"ಮತ್ತ ನನಗ ಯಾಕ ಹೇಳ್ಲಿಲ್ಲವಾ?"

"ಹೇಳಾಕ ಬಂದೆ. ದೊಡ್ಡೋರ ವಿಷಯ, ನೀ ಬಾಯಿ ಹಾಕಬ್ಯಾಡ ಅಂದಿ. ಅವರ ಮಾವನೂ ಅವನಿಗೆ ಹಂಗ ಅಂದಾರ. ಅದಕ ಇಬ್ರೂ ಸುಮ್ಮನಾದ್ವಿ. ಹೆಂಗೂ ತಿರುಗಾಡಿ ಬರ್ತೀರಿ ಅಂತ, ನಿನ್ನೆ ಹೋಗಿ ಕಲ್ಯಾಣ ಮಂಟಪ ನೋಡಿ ಬಂದೀವಿ. ಮುಂದಿನ ತಿಂಗಳು ಹದಿನಾಲ್ಕು ಖಾಲಿ ಐತಿ. ಫೋನ್ ಇಡ್ಲೇನು? ಇಲ್ಲೆ ರಕ್ತ ಕೊಡೋರು ನಿಂತಾರ."

ಫೋನು ಕಟ್ಟಾಯಿತು. ಮೂಕಣ್ಣ ಅದನ್ನು ಕಿವಿಯಲ್ಲೇ ಇಟ್ಟುಕೊಂಡು ಇನ್ನೂ ಸ್ವಲ್ಪ ಹೊತ್ತು "ಹೂಂ... ಹೂಂ..." ಎಂದ.

"ಏನಂತಾಳ್ರಿ?" ಎಂದು ಎರ್ರಿಯಪ್ಪನವರು ಆತಂಕದಿಂದ ಕೇಳಿದರು.

ಮೂಕಣ್ಣ ಫೋನನ್ನು ಅಂಗಿಯ ಜೇಬಿಗೆ ಇಳಿಬಿಟ್ಟ.

"ಹಿರ್ಯಾರು ಹೆಂಗ ಹೇಳ್ತೀರೋ ಹಂಗ ಅಂತಾಳ್ರಿ."

ಎರ್ರಿಯಪ್ಪನವರು ದೊಡ್ಡದಾಗಿ ಉಸಿರುಬಿಟ್ಟು, ಕಿಟಕಿಯ ಹೊರಗಿನ ಭತ್ತದ ಗದ್ದೆಗಳನ್ನು ತೃಪ್ತಿಯಿಂದ ನೋಡಿದರು.

"ನೋಡ್ರಿ ಮತ್ತ," ಎಂದರು. "ನಮ್ಮಂಥೋರು ಹಿಂಗ ಓಡಾಡಿ ವಿಚಾರ ಮಾಡ್ಲಿಲ್ಲಂದ್ರ, ಈ ಹುಡುಗರ ಕೈಲೆ ಒಂದು ಮದುವಿ ಆಗ್ತಿತ್ತೇನ್ರಿ?"